ಶಾಲೆಯ ಕಂಪ್ಯೂಟರಿನ ಕೀಲಿಕೈ ಯಾರ ಬಳಿ ಇರಬೇಕು?

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಮೂರು ವಿಷಯಗಳು ಬರುತ್ತವೆ. ಕನ್ನಡ ಪಠ್ಯಪುಸ್ತಕ ಯಾವಾಗ ಕೈಗೆ ಸಿಗುತ್ತದೆ? ಕನ್ನಡ ಬಲ್ಲ ಅಧ್ಯಾಪಕರ ನೇಮಕ ಯಾವಾಗ ಆಗುತ್ತದೆ? ಬರುವ ವರ್ಷ ಡಿವಿಷನ್ ಉಳಿಯುತ್ತದೆಯೇ? ಈ ಮೂರಕ್ಕೂ ನಾವು ಮನವಿ ಕೊಡುತ್ತ, ಓಡಾಡುತ್ತ ಬಂದವರು. ಇಂದು ನಾನು ಮಾತಾಡಬೇಕಾಗಿರುವುದು ನಾಲ್ಕನೆಯದೊಂದು ವಿಷಯದ ಬಗ್ಗೆ. ಹೋದ ತಿಂಗಳು ಒಂದು ಕಂಪನಿಯವರು ಬಂದು, ಶಾಲೆಯ ದಾಖಲೆ, ಪಾಠ, ಪ್ರಶ್ನೆಪತ್ರಿಕೆ ಎಲ್ಲವನ್ನೂ ‘ಕ್ಲೌಡ್’ನಲ್ಲಿ ಇಟ್ಟುಕೊಡುತ್ತೇವೆ, ಮೊದಲ ಎರಡು ವರ್ಷ ಉಚಿತ ಎಂದು ಹೇಳಿ ಹೋಗಿದ್ದಾರೆ. ಅದಕ್ಕೆ ಹೂಂ ಎನ್ನೋಣವೇ, ಬೇಡ ಎನ್ನೋಣವೇ ಎಂದು ಸಂಘದವರು ನನ್ನನ್ನು ಕೇಳಿದ್ದಾರೆ. ಉತ್ತರ ಹೇಳುವ ಮೊದಲು ನನಗೇ ಆದ ಒಂದು ಪಾಡನ್ನು ತಮ್ಮ ಮುಂದೆ ಇಡುತ್ತೇನೆ.

ನಾನು ಗಡಿನಾಡಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವನು. 1998ರಲ್ಲಿ ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೆ ಒಂದು ಕಂಪ್ಯೂಟರ್ ಕೊಟ್ಟರು. ಅದರಲ್ಲಿ ಕನ್ನಡ ಅಚ್ಚಿಸಲು ಒಂದು ಕಂಪನಿಯ ತಂತ್ರಾಂಶವನ್ನು ಕೊಂಡೆವು. ಅದಕ್ಕೆ ಹೆಬ್ಬೆರಳು ಗಾತ್ರದ ಒಂದು ಕೀಲಿ, ಡಾಂಗಲ್ ಎನ್ನುತ್ತಿದ್ದರು. ಯಂತ್ರದ ಹಿಂದೆ ಅದನ್ನು ಸಿಕ್ಕಿಸಿದರೆ ಮಾತ್ರ ಕನ್ನಡ ಮೂಡುತ್ತಿತ್ತು. ಹನ್ನೊಂದು ವರ್ಷ ಸಂಜೆ ಹೊತ್ತು ಕೂತು ಪ್ರಶ್ನೆಪತ್ರಿಕೆ, ಗಣಿತದ ಅಭ್ಯಾಸ, ವಾರ್ಷಿಕ ಸಂಚಿಕೆ ಎಲ್ಲವನ್ನೂ ಅದರಲ್ಲೇ ಟೈಪು ಮಾಡಿದೆ. ಒಂದು ಮೇ ತಿಂಗಳ ಸಿಡಿಲಿಗೆ ಯಂತ್ರವೂ ಹೋಯಿತು, ಕೀಲಿಯೂ ಹೋಯಿತು. ಸಿ.ಡಿ.ಯಲ್ಲಿ ಪ್ರತಿ ತೆಗೆದಿಟ್ಟಿದ್ದೆನಲ್ಲ ಎಂಬ ಧೈರ್ಯದಿಂದ ಹೊಸ ಯಂತ್ರದಲ್ಲಿ ತೆರೆದರೆ, ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಶೇಕಡಾ ಚಿಹ್ನೆ, ಆವರಣ ಚಿಹ್ನೆ! ಮಾರಿದ ಅಂಗಡಿ ಮುಚ್ಚಿ ವರ್ಷಗಳಾಗಿತ್ತು. ನನ್ನ ಮಾತೃಭಾಷೆಯಲ್ಲಿ ನಾನೇ ಬರೆದದ್ದನ್ನು ನಾನೇ ಓದಲಾರದವನಾದೆ.

ಅಲ್ಲಿ ತಪ್ಪಿದ್ದೆಲ್ಲಿ? ಬರಹ ನಮ್ಮದಾಗಿತ್ತು, ಬರಹವನ್ನು ಕೂಡಿಟ್ಟ ರೀತಿ ಮಾತ್ರ ಒಂದೇ ಕಂಪನಿಗೆ ತಿಳಿದದ್ದಾಗಿತ್ತು. ಆ ಕಾಲದಲ್ಲಿ ಒಬ್ಬೊಬ್ಬರ ತಂತ್ರಾಂಶದಲ್ಲಿ ಕನ್ನಡ ಅಕ್ಷರಕ್ಕೆ ಒಂದೊಂದು ಸಂಕೇತ. 1991ರಲ್ಲಿ ಹೊರಬಂದ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ನಮ್ಮ ಕಡೆ ಅದು ಬಳಕೆಗೆ ಬರಲು ಬಹಳ ತಡವಾಯಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಸೊಲ್ಲಾಪುರದಲ್ಲಿ ಬರೆದರೂ ಆದವಾನಿಯಲ್ಲಿ ತೆರೆದರೂ, ಯಾವ ಕಂಪನಿಯ ಯಂತ್ರವಾದರೂ, ‘ಕ’ ಎಂದರೆ 3221. ಹೀಗೆ ಯಾರೊಬ್ಬರ ಸೊತ್ತೂ ಅಲ್ಲದ ಒಪ್ಪಂದಕ್ಕೆ ಮುಕ್ತ ಶಿಷ್ಟತೆ ಎಂದು ಹೆಸರು.

ಅಕ್ಷರದ ತೊಂದರೆ ಹೀಗೆ ಪರಿಹಾರವಾಯಿತು. ಅದೇ ತೊಂದರೆ ಈಗ ಇಡೀ ಯಂತ್ರದ ರೂಪದಲ್ಲಿ ಮತ್ತೆ ಬಂದಿದೆ. ಅದನ್ನು ತಿಳಿಯಲು ಎರಡು ಪದಗಳ ಪರಿಚಯ ಬೇಕು. ವರ್ಚುವಲೈಸೇಷನ್ ಮತ್ತು ಕ್ಲೌಡ್. ಹೆದರಬೇಡಿ, ಎರಡೂ ಮನೆ ಬಾಡಿಗೆಯ ಲೆಕ್ಕದಷ್ಟೇ ಸುಲಭ.

ಒಂದು ದೊಡ್ಡ ಮನೆ ಇದೆ. ಒಂದೇ ಸಂಸಾರಕ್ಕೆ ಅಷ್ಟು ಜಾಗ ಬೇಡ. ಅಡ್ಡಗೋಡೆ ಹಾಕಿ ಮೂರು ಬಿಡಾರ ಮಾಡುತ್ತಾರೆ. ಪ್ರತಿ ಬಿಡಾರಕ್ಕೂ ಬೇರೆ ಬಾಗಿಲು, ಬೇರೆ ಬೀಗ, ಬೇರೆ ಒಲೆ. ಒಂದರಲ್ಲಿ ಹೊಗೆಯೆದ್ದರೆ ಇನ್ನೊಂದಕ್ಕೆ ತಾಗುವುದಿಲ್ಲ. ಕಂಪ್ಯೂಟರಿನಲ್ಲಿಯೂ ಹಾಗೆಯೇ ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ಮಾಡುವುದೇ ವರ್ಚುವಲೈಸೇಷನ್. ಒಂದರಲ್ಲಿ ಹಾಜರಿ ಮತ್ತು ಅಂಕಗಳ ದಾಖಲೆ, ಇನ್ನೊಂದರಲ್ಲಿ ಪಾಠಗಳ ಭಂಡಾರ, ಮೂರನೆಯದರಲ್ಲಿ ಮಕ್ಕಳ ಅಭ್ಯಾಸ. ಯಾರಿಗೆ ಎಷ್ಟು ಜಾಗ, ಎಷ್ಟು ಶಕ್ತಿ ಎಂದು ಹಂಚಿಕೊಡುವ ಪಾರುಪತ್ಯಗಾರನಂಥ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಇದನ್ನು ಸಾಮಾನ್ಯ ಯಂತ್ರಗಳಿಗೆ ತಂದಿತು. ಮುಂದೆ 2007ರಲ್ಲಿ ಕೆವಿಎಂ ಎಂಬ ಪಾರುಪತ್ಯಗಾರ ಲಿನಕ್ಸಿನ ತಿರುಳಿನಲ್ಲೇ ಸೇರಿಕೊಂಡಿತು. ಅದಕ್ಕೆ ಪರವಾನಗಿ ಶುಲ್ಕವಿಲ್ಲ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಹೀಗೆ ಮಾಡಿದ ಒಳಯಂತ್ರವು ಹೆಚ್ಚೆಂದರೆ ಒಂದೆರಡು ಕಡತಗಳಷ್ಟೆ. ಪ್ರತಿ ಮಾಡಬಹುದು, ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. ಸಿಡಿಲು ಬಡಿದರೂ ಪ್ರತಿಯಿಂದ ಮರುದಿನ ಮತ್ತೆ ಎದ್ದು ನಿಲ್ಲಿಸಬಹುದು. ಅಂದರೆ, ಬಿಡಾರ ಎತ್ತಲು ಬರುತ್ತದೆ.

ಇನ್ನು ಕ್ಲೌಡ್. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆಯೇ. ಬೇರೆಯವರ ದೊಡ್ಡ ಕಟ್ಟಡದಲ್ಲಿ, ಅವರ ಯಂತ್ರಗಳಲ್ಲಿ ನಾವು ಬಿಡಾರ ಹಿಡಿಯುವುದು. ಬಳಸಿದಷ್ಟಕ್ಕೆ ಬಾಡಿಗೆ ಕೊಡುವುದು. ಅಮೆಜಾನ್ ಕಂಪನಿ 2006ರಲ್ಲಿ ಈ ಬಗೆಯ ಬಾಡಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಇದರಲ್ಲಿ ಅನುಕೂಲ ಇಲ್ಲವೆಂದು ನಾನು ಹೇಳುವುದಿಲ್ಲ. ಕರೆಂಟು ಹೋಗುವ, ಸಿಡಿಲು ಬಡಿಯುವ ನಮ್ಮ ಗುಡ್ಡದ ಶಾಲೆಗಿಂತ ಅವರ ಕಟ್ಟಡ ಭದ್ರ. ಆದರೆ ಬಾಡಿಗೆ ಮನೆ ಹಿಡಿಯುವವರು ಮೊದಲು ಕೇಳುವುದೇನು? ಬಾಡಿಗೆ ಎಷ್ಟು, ಮುಂಗಡ ಎಷ್ಟು, ಬಿಡುವಾಗ ಏನು ಎಂದು. ಇಲ್ಲಿ ನಾವು ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿ, ಉಚಿತ ಎಂದ ಕೂಡಲೇ ಸಾಮಾನು ಇಳಿಸುತ್ತೇವೆ.

ಲೋಕದಲ್ಲಿ ನಡೆದ ಎರಡು ಸಂಗತಿ ಕೇಳಿ. ಗೂಗಲ್ ಕಂಪನಿ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಉಚಿತವಾಗಿ ಕೊಡುತ್ತಿತ್ತು. 2021ರಲ್ಲಿ ಆ ನಿಯಮ ಬದಲಿಸುವುದಾಗಿ ಪ್ರಕಟಿಸಿತು. ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಎಂಬ ಮಿತಿ 2022ರಿಂದ ಜಾರಿಗೆ ಬಂತು. ಒಂದು ಶಾಲೆಗೆ ಅಷ್ಟು ಧಾರಾಳವಾಗಿ ಸಾಕು. ಮಿತಿಯಿಲ್ಲವೆಂದು ನಂಬಿ ತುಂಬಿಟ್ಟ ದೊಡ್ಡ ವಿಶ್ವವಿದ್ಯಾಲಯಗಳು ಪರದಾಡಿದವು. ಎರಡನೆಯದು, ವಿಎಂವೇರ್ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ಕೊಂಡಿತು. ಮರು ತಿಂಗಳೇ, ಒಮ್ಮೆ ಕೊಂಡರೆ ಶಾಶ್ವತ ಎಂಬ ಪರವಾನಗಿಯ ಮಾರಾಟವನ್ನು ನಿಲ್ಲಿಸಿ, ಅವಧಿಗೆ ಇಷ್ಟೆಂದು ಚಂದಾ ಕಟ್ಟುವ ಕ್ರಮ ತಂದಿತು. ವೆಚ್ಚ ಹಲವು ಪಟ್ಟು ಏರಿತೆಂದು ಅನೇಕ ದೇಶಗಳ ಗಿರಾಕಿಗಳು ದೂರಿದರು. ವ್ಯಾಪಾರಿ ತನ್ನ ದರ ಬದಲಿಸಿದನೆಂದು ದೂಷಿಸಿ ಫಲವಿಲ್ಲ, ಅದು ವ್ಯಾಪಾರ. ದರ ಬದಲಾದ ದಿನ ನಾವು ಬಿಡಾರ ಎತ್ತಬಲ್ಲೆವೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಮಾತು ಅಡಿಕೆ ಬೆಳೆಯುವ ನಮಗೆ ಹೊಸತಲ್ಲ. ಒಬ್ಬನೇ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡವನು ಅವನು ಹೇಳಿದ ದರಕ್ಕೇ ಅಡಿಕೆ ಕೊಡಬೇಕಾಗುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. 1970ರ ಸುಮಾರಿಗೆ ಧಾರಣೆ ಕುಸಿದಾಗ ಬೆಳೆಗಾರರು ಕಂಗೆಟ್ಟರು. 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೊ ಹುಟ್ಟಿತು. ಅದರಿಂದ ವ್ಯಾಪಾರಿಗಳೇನೂ ಇಲ್ಲವಾಗಲಿಲ್ಲ. ಬೆಳೆಗಾರನಿಗೆ ಇನ್ನೊಂದು ಬಾಗಿಲು ತೆರೆಯಿತು, ಅಷ್ಟೆ. ಆ ಇನ್ನೊಂದು ಬಾಗಿಲಿನಿಂದಲೇ ಮೊದಲನೆಯ ಬಾಗಿಲಲ್ಲಿಯೂ ಮರ್ಯಾದೆ ಬಂತು.

ಕಂಪ್ಯೂಟರ್ ಲೋಕದಲ್ಲಿಯೂ ಅಂಥ ಬಾಗಿಲುಗಳಿವೆ. 2010ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪನಿಯೂ ಕೂಡಿ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದವು. ಯಾರು ಬೇಕಾದರೂ ಅದರಿಂದ ತಮ್ಮದೇ ಕ್ಲೌಡ್ ಕಟ್ಟಿಕೊಳ್ಳಬಹುದು. ಜಿನೀವಾದ ಸರ್ನ್ ಪ್ರಯೋಗಾಲಯ ತನ್ನ ಭೌತವಿಜ್ಞಾನದ ಲೆಕ್ಕಗಳಿಗೆ 2013ರಿಂದ ಅದನ್ನು ಬಳಸುತ್ತ ಬಂದಿದೆ. ಅದು ದೊಡ್ಡವರ ಮಾತಾಯಿತು. ಶಾಲೆಯಂಥ ಸಣ್ಣ ಜಾಗಕ್ಕೆ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶ ಇದೆ. ಅದು ಮೇಲೆ ಹೇಳಿದ ಕೆವಿಎಂನ ಮೇಲೆಯೇ ನಿಂತದ್ದು. ಒಳಯಂತ್ರವನ್ನು ಒಬ್ಬರಿಂದ ಇನ್ನೊಬ್ಬರಲ್ಲಿಗೆ ಒಯ್ಯುವ ಗಂಟು ಹೇಗಿರಬೇಕೆಂಬುದಕ್ಕೂ ಓವಿಎಫ್ ಎಂಬ ಶಿಷ್ಟತೆ ಇದೆ; 2011ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಇನ್ನು ಭಾರತ ಸರಕಾರವೇ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಶಿಷ್ಟತೆಗಳ ನೀತಿಯನ್ನೂ 2015ರಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನೂ ಪ್ರಕಟಿಸಿದೆ. ಆದ್ದರಿಂದ ನಾವು ಕೇಳುವುದು ಯಾವ ವಿಪರೀತದ ಬೇಡಿಕೆಯೂ ಅಲ್ಲ.

ನಮ್ಮ ರಾಜ್ಯದ ಶಾಲೆಗಳಿಗೆ ಈ ದಾರಿಯ ಪರಿಚಯ ಮೊದಲೇ ಇದೆ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ಕೈಟ್ ಸಂಸ್ಥೆಯಾಯಿತು. ತಮ್ಮ ಮಕ್ಕಳು ಶಾಲೆಯಲ್ಲಿ ಬಳಸುವುದು ಲಿನಕ್ಸ್. ಮಕ್ಕಳ ದಾಖಲೆಯ ‘ಸಂಪೂರ್ಣ’ ವ್ಯವಸ್ಥೆಯೂ ಫೆಡೆನಾ ಎಂಬ ಮುಕ್ತ ತಂತ್ರಾಂಶದ ತಳಹದಿಯ ಮೇಲೆ ಕಟ್ಟಿದ್ದು. ಗಡಿಯ ಬೇರೆ ರಾಜ್ಯಗಳ ನಮ್ಮ ಬಂಧುಗಳು ಈ ಉದಾಹರಣೆಯನ್ನು ತಮ್ಮ ಅಧಿಕಾರಿಗಳ ಮುಂದೆ ಇಡಬಹುದು.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಇತರರಿಗಿಂತ ಹೆಚ್ಚು ಮುಖ್ಯ ಏಕೆ? ಕಂಪನಿ ತಲೆ ಎಣಿಸುತ್ತದೆ. ಗಡಿನಾಡಿನ ಕೆಲವು ಶಾಲೆಗಳ ಕನ್ನಡ ಮಕ್ಕಳಿಗಾಗಿ ಅದು ತನ್ನ ತಂತ್ರಾಂಶವನ್ನು ತಿದ್ದುವುದಿಲ್ಲ. ಕನ್ನಡದ ಭಾಗವನ್ನು ಒಂದು ದಿನ ನಿಲ್ಲಿಸಿದರೂ ಕೇಳುವವರಿಲ್ಲ. ಮುಕ್ತ ತಂತ್ರಾಂಶದಲ್ಲಾದರೆ ನಾಲ್ಕೇ ಜನ ಬಲ್ಲವರು ಸೇರಿ ಬೇಕಾದ್ದನ್ನು ಸೇರಿಸಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಲಿನಕ್ಸಿನಲ್ಲಿ ಉಚಿತವಾಗಿ ದೊರೆಯುವುದು ಹೀಗೆಯೇ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸುವ ಹಕ್ಕನ್ನಷ್ಟೇ ಅಲ್ಲ, ನಡೆಸುವ ಹಕ್ಕನ್ನೂ ಕೊಟ್ಟಿದೆ. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಕಲ್ಪಿಸಲು ರಾಜ್ಯಗಳಿಗೆ ಹೇಳಿದೆ. ಶಾಲೆ ನಮ್ಮದು, ಪಾಠ ನಮ್ಮದು, ಪೆಟ್ಟಿಗೆಯ ಕೀಲಿಕೈ ಮಾತ್ರ ಬೇರೆಯವರದು ಎಂದಾದರೆ ನಡೆಸುವುದೆಂಬ ಮಾತಿಗೆ ಏನರ್ಥ? ಇದು ಕಾನೂನು ಪಂಡಿತರ ಮಾತಲ್ಲ, ನನ್ನ ಅಭಿಪ್ರಾಯ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಮುಕ್ತ ತಂತ್ರಾಂಶಕ್ಕೆ ಪರವಾನಗಿಯ ಹಣ ಬೇಡ, ಆದರೆ ಕೆಲಸಕ್ಕೆ ಜನ ಬೇಕು. ವಾರಕ್ಕೊಮ್ಮೆ ಪ್ರತಿ ತೆಗೆಯಬೇಕು, ಹೊಸ ತಿದ್ದುಪಡಿಗಳನ್ನು ಹಾಕಬೇಕು. ಒಬ್ಬ ಉತ್ಸಾಹಿ ಅಧ್ಯಾಪಕರು ಎಲ್ಲವನ್ನೂ ಮಾಡಿ, ಅವರಿಗೆ ವರ್ಗವಾದ ದಿನ ಯಾರಿಗೂ ಏನೂ ತಿಳಿಯದಿದ್ದರೆ, ಕಂಪನಿಯ ಕೈಯಿಂದ ಬಿಡಿಸಿ ಒಬ್ಬ ವ್ಯಕ್ತಿಯ ಕೈಗೆ ಕಟ್ಟಿದಂತಾಯಿತು. ಇಬ್ಬರಿಗಾದರೂ ಕಲಿಸಬೇಕು, ಮಾಡಿದ್ದನ್ನು ಕನ್ನಡದಲ್ಲಿ ಒಂದು ನೋಟು ಪುಸ್ತಕದಲ್ಲಿ ಬರೆದಿಡಬೇಕು. ಹತ್ತಿರದ ನಾಲ್ಕಾರು ಶಾಲೆಗಳು ಕೂಡಿ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಸಂಘದವರ ಪ್ರಶ್ನೆಗೆ ಬರುತ್ತೇನೆ. ಹೂಂ ಎನ್ನಿ ಎಂದಾಗಲಿ ಬೇಡ ಎನ್ನಿ ಎಂದಾಗಲಿ ನಾನು ಹೇಳುವುದಿಲ್ಲ. ಆ ಕಂಪನಿಯವರನ್ನು ಮತ್ತೆ ಕರೆಯಿರಿ. ತಾವೆಲ್ಲ ಕುಳಿತು ನಾಲ್ಕು ಪ್ರಶ್ನೆ ಕೇಳಿ.

ಒಂದು: ಖಾತೆ ಯಾರ ಹೆಸರಿನಲ್ಲಿರುತ್ತದೆ? ಶಾಲೆಯ ಹೆಸರಿನಲ್ಲಿರಬೇಕು. ಕಂಪನಿಯ ಪ್ರತಿನಿಧಿಯದೂ ಬೇಡ, ಅಧ್ಯಾಪಕರೊಬ್ಬರ ಸ್ವಂತ ಹೆಸರೂ ಬೇಡ.

ಎರಡು: ನಮ್ಮದೆಲ್ಲವನ್ನೂ ಯಾವ ರೂಪದಲ್ಲಿ ಹಿಂತಿರುಗಿಸುತ್ತೀರಿ? ಬರಹ ಯೂನಿಕೋಡ್ ಕನ್ನಡದಲ್ಲಿ, ಪಟ್ಟಿಗಳು ಯಾವ ತಂತ್ರಾಂಶದಲ್ಲಿಯೂ ತೆರೆಯುವ ಸಿಎಸ್‌ವಿ ರೂಪದಲ್ಲಿ, ಒಳಯಂತ್ರಗಳಿದ್ದರೆ ಓವಿಎಫ್‌ನಂಥ ಮುಕ್ತ ರೂಪದಲ್ಲಿ ಇರಬೇಕು.

ಮೂರು: ಎರಡು ವರ್ಷದ ಮೇಲೆ ದರವೆಷ್ಟು? ನಾವು ಬಿಟ್ಟರೆ ಎಷ್ಟು ದಿನ ಸಮಯ ಕೊಡುತ್ತೀರಿ, ಆಮೇಲೆ ಮಕ್ಕಳ ಮಾಹಿತಿಯನ್ನು ಅಳಿಸುತ್ತೀರಾ? ಬಾಯಿಮಾತು ಸಾಲದು, ಬರೆದು ಕೊಡಬೇಕು.

ನಾಲ್ಕು: ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದ ಮೇಲೆ, ಎಲ್ಲವನ್ನೂ ಇಳಿಸಿಕೊಂಡು ನಮ್ಮದೇ ಇನ್ನೊಂದು ಯಂತ್ರದಲ್ಲಿ ತೆರೆದು ನೋಡಲು ಒಪ್ಪುತ್ತೀರಾ? ಈ ನಾಲ್ಕನೆಯದನ್ನು ದಯವಿಟ್ಟು ಮರೆಯಬೇಡಿ. ನನ್ನಲ್ಲಿಯೂ ಸಿ.ಡಿ. ಇತ್ತು. ಬೇರೆ ಯಂತ್ರದಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ, ಅಷ್ಟೆ.

ನಾಲ್ಕಕ್ಕೂ ಒಪ್ಪಿ ಬರೆದುಕೊಟ್ಟರೆ ಧಾರಾಳವಾಗಿ ಹೂಂ ಎನ್ನಿ. ಒಂದಕ್ಕೆ ತಡವರಿಸಿದರೂ, ಉಚಿತವೆಂಬುದು ಮುಂಗಡದ ಇನ್ನೊಂದು ಹೆಸರೆಂದು ತಿಳಿಯಿರಿ.

ಆ ಸಿ.ಡಿ.ಗಳು ಈಗಲೂ ನನ್ನ ಮನೆಯ ಕಪಾಟಿನಲ್ಲಿವೆ. ಹನ್ನೊಂದು ವರ್ಷದ ಸಂಜೆಗಳು ಅದರೊಳಗಿವೆ. ಇಂದಿನ ಅಧ್ಯಾಪಕರು ತಮ್ಮ ಮಕ್ಕಳಿಗಾಗಿ ಬರೆಯುತ್ತಿರುವ ಕನ್ನಡ ಪಾಠಗಳಿಗೆ ಆ ಗತಿ ಬಾರದಿರಲಿ. ಅದನ್ನು ನೋಡಿಕೊಳ್ಳಲು ಕಂಪ್ಯೂಟರ್ ಕಲಿತಿರಬೇಕೆಂದಿಲ್ಲ. ಕೇಳುವ ಧೈರ್ಯವಿದ್ದರೆ ಸಾಕು, ಅದು ತಮ್ಮಲ್ಲಿದೆ.