ಎರಡನೆಯ ದುಡಿಮೆಗೂ ದಾಖಲೆ ಇರಲಿ

(ಮಾಗಡಿ ತಾಲೂಕಿನ ಕಲ್ಯದಲ್ಲಿ ಉದ್ಯೋಗಿಗಳು ಮತ್ತು ಕುಶಲಕರ್ಮಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಸೇರಿರುವ ಈ ಕಲ್ಯವು ಒಂದು ಬರಹದಿಂದಾಗಿ ಚರಿತ್ರೆಯಲ್ಲಿ ಸ್ಥಾನ ಪಡೆದ ಊರು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವ್ಯಾಜ್ಯವನ್ನು 1368ರಲ್ಲಿ ವಿಜಯನಗರದ ಬುಕ್ಕರಾಯನು ಇತ್ಯರ್ಥಗೊಳಿಸಿದನು. ಅದನ್ನು ಸಾರುವ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಇಲ್ಲಿಯೂ ಇದೆ. ಬಾಯಿಮಾತಿನ ನ್ಯಾಯ ಬಾಯಿಮಾತಿನಲ್ಲೇ ಕೆಡಬಹುದೆಂದು ಬಲ್ಲವರು ಅದನ್ನು ಕಲ್ಲಿನಲ್ಲಿ ಬರೆಸಿದರು. ಇಂದು ನಾವು ಚರ್ಚಿಸಬೇಕಾಗಿರುವುದೂ ಬರಹದ ಕುರಿತೇ. ನಮ್ಮ ದುಡಿಮೆಯ ಬರಹದ ಕುರಿತು.

2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಈ ರಾಮನಗರ ಜಿಲ್ಲೆಯಲ್ಲಿ ಎರಡು ದುಡಿಮೆಯ ಮನೆಗಳು ಅನೇಕ. ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಚನ್ನಪಟ್ಟಣದ ಮನೆಯಲ್ಲಿ ಲೇತಿನ ಮುಂದೆ ಕುಳಿತು ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುವವರಿದ್ದಾರೆ. ಹಗಲು ಬೆಂಗಳೂರಿನ ಕಚೇರಿಯಲ್ಲಿ ದುಡಿದು ರಾತ್ರಿ ಇತರರಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವ ಯುವಕರಿದ್ದಾರೆ. ಸಂಬಳಕ್ಕೆ ಚೀಟಿಯಿದೆ, ಭವಿಷ್ಯನಿಧಿಯಿದೆ. ಎರಡನೆಯ ದುಡಿಮೆಗೆ ಏನಿದೆ? ಮೊಬೈಲಿಗೆ ಬಂದು ಬೀಳುವ ಹಣದ ಹೊರತು ಏನೂ ಇಲ್ಲ. ರೇಷ್ಮೆ ಇಲಾಖೆಯ ಪರವಾನಗಿ ಇಲ್ಲದೆ ಗೂಡಿನ ಮಾರುಕಟ್ಟೆಯ ಹರಾಜಿಗೆ ನಿಲ್ಲಲಾಗದೆಂಬುದು ನಮ್ಮ ರೀಲರುಗಳಿಗೆ ಚೆನ್ನಾಗಿ ತಿಳಿದಿದೆ. ಬೊಂಬೆಗೂ ಕಂಪ್ಯೂಟರಿಗೂ ಮಾತ್ರ ದಾಖಲೆ ಬೇಡವೆಂದು ನಾವು ಭಾವಿಸಿರುವುದೇಕೆ?

ಮೊದಲ ಪ್ರಶ್ನೆ: ನೌಕರಿಯಲ್ಲಿರುವವರು ಸ್ವಂತ ಉದ್ಯಮವನ್ನು ನೋಂದಾಯಿಸಬಹುದೇ? ಖಾಸಗಿ ನೌಕರರಿಗೆ ಉದ್ಯಮ್ ನೋಂದಣಿಯ ನಿಯಮದಲ್ಲಿ ಅಡ್ಡಿಯಿಲ್ಲ. ಅಡ್ಡಿ ಇದ್ದರೆ ಅದು ನೇಮಕಾತಿ ಪತ್ರದಲ್ಲಿರುತ್ತದೆ. ಆದ್ದರಿಂದ ಆ ಪತ್ರವನ್ನು ಮೊದಲು ಓದಬೇಕು, ಅಗತ್ಯವಿದ್ದಲ್ಲಿ ಲಿಖಿತ ಅನುಮತಿ ಕೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಕಂಪನಿಯು ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದುಹಾಕಿರುವುದಾಗಿ ತಿಳಿಸಿತು. ಮರುತಿಂಗಳೇ ಇನ್ಫೋಸಿಸ್, ತನ್ನೊಂದಿಗೆ ಸ್ಪರ್ಧಿಸದ ಬಿಡಿ ಕೆಲಸಗಳನ್ನು ಮೇಲಧಿಕಾರಿಗಳ ಪೂರ್ವಾನುಮತಿಯೊಂದಿಗೆ ಮಾಡಬಹುದೆಂದಿತು. ಗುಟ್ಟಿಗೂ ಅನುಮತಿಗೂ ಇರುವ ವ್ಯತ್ಯಾಸ ಇದರಲ್ಲಿದೆ. ಸರಕಾರಿ ನೌಕರರ ವಿಷಯ ಬೇರೆ; ನಡತೆ ನಿಯಮಗಳ ಪ್ರಕಾರ ಅವರು ಪೂರ್ವಾನುಮತಿ ಇಲ್ಲದೆ ವ್ಯಾಪಾರ ನಡೆಸುವಂತಿಲ್ಲ. ಪತ್ನಿಯ ಹೆಸರಿನ ಮರೆಯಲ್ಲಿ ತಾವೇ ವ್ಯಾಪಾರ ನಡೆಸುವುದು ಜಾಣತನವಲ್ಲ, ವಂಚನೆ.

ಆದರೆ ಪತ್ನಿಯೇ ದುಡಿಯುತ್ತಿದ್ದರೆ ನೋಂದಣಿಯು ಆಕೆಯ ಹೆಸರಿನಲ್ಲೇ ಆಗಬೇಕು. ಬಣ್ಣ ಹಚ್ಚುವ ಕೈ ಒಬ್ಬರದು, ಖಾತೆ ಇನ್ನೊಬ್ಬರದು ಎಂಬ ರೂಢಿಯನ್ನು ನಮ್ಮ ಮನೆಗಳಿಂದ ತೊಲಗಿಸದೆ ಸುಧಾರಣೆಯ ಮಾತಾಡುವುದು ವ್ಯರ್ಥ.

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆ ಇದ್ದರೆ ಸಾಕು. ಕಾಗದಪತ್ರಗಳ ಪ್ರತಿ ಕೊಡಬೇಕಾಗಿಲ್ಲ. ಸರಕಾರಿ ತಾಣದಲ್ಲಿ ಶುಲ್ಕವೂ ಇಲ್ಲ. ಇದಕ್ಕಾಗಿ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು.

ಇದರಿಂದ ಲಾಭವೇನು? 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ, ನೋಂದಾಯಿತ ಸಣ್ಣ ತಯಾರಕರಿಂದ ಸರಕು ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಬೊಂಬೆ ಕೊಟ್ಟು ತಿಂಗಳುಗಟ್ಟಲೆ ವ್ಯಾಪಾರಿಯ ಬಾಗಿಲು ಕಾಯುವ ಕುಶಲಕರ್ಮಿಗೆ ಇದೊಂದು ಆಯುಧ. ಆದರೆ ಬಿಲ್ ಇಲ್ಲದ, ನೋಂದಣಿಯಿಲ್ಲದ ಕೈಯಲ್ಲಿ ಈ ಆಯುಧ ನಿಲ್ಲುವುದಿಲ್ಲ. ದಾಖಲೆಯಿಲ್ಲದವನಿಗೆ ಬ್ಯಾಂಕ್ ಸಾಲ ನೀಡುವುದಿಲ್ಲ. ಆತ ಮೀಟರ್ ಬಡ್ಡಿಯ ಬಾಗಿಲಿಗೇ ಹೋಗಬೇಕಾಗುತ್ತದೆ. ಸಾಲ ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಎರಡನೆಯದು ಭಯದ ಪ್ರಶ್ನೆ. ನೋಂದಣಿ ಮಾಡಿಸಿದರೆ ಜಿಎಸ್‌ಟಿ ಬರುತ್ತದೆ, ಗೃಹಲಕ್ಷ್ಮಿಯ 2,000 ರೂಪಾಯಿ ನಿಲ್ಲುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಮನೆಯೊಡತಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿದಾರರಾಗಿದ್ದರೆ ಗೃಹಲಕ್ಷ್ಮಿ ಸಿಗುವುದಿಲ್ಲ ಎಂಬುದು ನಿಜ. ಆದರೆ ಉದ್ಯಮ್ ಎಂದರೆ ಜಿಎಸ್‌ಟಿ ಅಲ್ಲ. ಸರಕು ಮಾತ್ರ ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿಯ ವಹಿವಾಟು ಮೀರಿದಾಗಲೇ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ಸಂಬಳ ಈ ಲೆಕ್ಕಕ್ಕೆ ಸೇರುವುದಿಲ್ಲ. ಯಾರದೋ ಮಾತು ಕೇಳಿ ಅನಗತ್ಯವಾಗಿ ಜಿಎಸ್‌ಟಿ ಮಾಡಿಸಿಕೊಂಡು ಪರಿತಪಿಸಬಾರದು.

ಆದಾಯ ತೆರಿಗೆಯಲ್ಲಿ ಮಾತ್ರ ಎರಡೂ ಗಳಿಕೆಗಳನ್ನು ತೋರಿಸಲೇಬೇಕು. ಸಂಬಳ ಒಂದು ಶೀರ್ಷಿಕೆಯಲ್ಲಿ, ಉದ್ಯಮದ ಲಾಭ ಇನ್ನೊಂದರಲ್ಲಿ. ಸಣ್ಣ ಉದ್ಯಮಿಯು ಬ್ಯಾಂಕಿನ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ. 6ನ್ನು, ನಗದಿನ ಶೇ. 8ನ್ನು ಲಾಭವೆಂದು ತೋರಿಸುವ ಸರಳ ವಿಧಾನವೂ ಇದೆ.

ಇನ್ನೊಂದು ಎಚ್ಚರ. ಕಾರ್ಖಾನೆಯಲ್ಲಿ ಪಿ.ಎಫ್., ಇಎಸ್‌ಐ ಇರುವವರು ಇ-ಶ್ರಮ್ ಕಾರ್ಡಿಗೆ ಅರ್ಹರಲ್ಲ. ಅದು 2021ರಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಬಂದ ನೋಂದಣಿ. ಸುಳ್ಳು ಘೋಷಣೆಯಿಂದ ಅದನ್ನು ಪಡೆದರೆ ಏನೂ ಇಲ್ಲದ ಬಡವನ ಪಾಲನ್ನು ಕಸಿದಂತೆ.

ಹಾಗೆಂದು ಸರಕಾರವನ್ನು ನಾವು ಸುಮ್ಮನೆ ಬಿಡಲಾಗದು. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ಹಳೆಯ ವರ್ಷಗಳ ಲೆಕ್ಕದ ನೋಟೀಸು ಕಳುಹಿಸಿತು. ಭೀತರಾದ ಅಂಗಡಿಯವರು ಕ್ಯೂಆರ್ ಫಲಕಗಳನ್ನೇ ತೆಗೆದರು. ಪ್ರತಿಭಟನೆಯ ಬಳಿಕ ಸರಕಾರ ಮೆತ್ತಗಾಯಿತು. ತಿಳಿವಳಿಕೆಗಿಂತ ಮುಂಚೆ ನೋಟೀಸು ತಲುಪುವುದು ಆಡಳಿತದ ಲಕ್ಷಣವಲ್ಲ. ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಪಂಚಾಯತಿಗಳಲ್ಲೇ ಮಾಹಿತಿ ಒದಗಿಸಬೇಕೆಂದು ನಾವು ಆಗ್ರಹಿಸಬೇಕು.

ಆದರೆ ಆ ಘಟನೆ ನಮಗೊಂದು ಪಾಠವನ್ನೂ ಕಲಿಸಿತು. ನಾವು ಬರೆದಿಡದ ಲೆಕ್ಕವನ್ನು ಯಂತ್ರ ಬರೆದಿಡುತ್ತದೆ. ಅದಕ್ಕೆ ಗಳಿಕೆಗೂ ಕೈಗಡಕ್ಕೂ ವ್ಯತ್ಯಾಸ ತಿಳಿಯದು. ಅದನ್ನು ತಿಳಿಸಬಲ್ಲ ಪುಸ್ತಕ ನಮ್ಮ ಕೈಯಲ್ಲಿರಬೇಕು. ಆದ್ದರಿಂದ ಉದ್ಯಮಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯೋಣ, ಪ್ರತಿ ಮಾರಾಟಕ್ಕೂ ಬಿಲ್ ಬರೆಯೋಣ, ಯಜಮಾನನಿಂದ ಬಚ್ಚಿಡದ ದುಡಿಮೆಯನ್ನೇ ಮಾಡೋಣ. ನಮ್ಮ ಯುವಕರು ಪ್ರತಿ ಮೊಹಲ್ಲಾದಲ್ಲಿ ವಾರಕ್ಕೊಂದು ಸಂಜೆ ಕುಳಿತು ಹಿರಿಯರ, ತಾಯಂದಿರ ಅರ್ಜಿ ತುಂಬಿಸಿಕೊಟ್ಟರೆ ಅದೇ ದೊಡ್ಡ ಸಮುದಾಯ ಸೇವೆ. ದುಡಿಮೆ ಚಿಕ್ಕದಿರುವಾಗಲೇ ಬರೆದಿಟ್ಟರೆ, ಅದು ದೊಡ್ಡದಾದಾಗ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ.