ಮಳೆಯ ಲೆಕ್ಕ, ಕಂಪ್ಯೂಟರಿನ ತೀರ್ಪು



ಮುಂಡರಗಿ ಕಡೆಯ ದಿನದಿನದ ಮಳೆಯ ಅಂಕಿಗಳನ್ನು ಬರೆದು ನೋಡಿರಿ. ಬಹಳ ದಿನ ಸೊನ್ನೆ, ಎಲ್ಲೋ ಒಂದು ದಿನ ಧೋ ಎಂದು ಸುರಿದದ್ದು. ಇವು ಗಂಟೆಯಾಕಾರದ ನಾರ್ಮಲ್ ವಿತರಣೆಗೆ ಒಗ್ಗುವುದಿಲ್ಲ. ಬರೀ ಸರಾಸರಿ ನಂಬಿ ಬಿತ್ತಿದವ ಕೆಟ್ಟ.

ನಿಮ್ಮ ಸಣ್ಣ ಸಮೀಕ್ಷೆಗಳಲ್ಲಿಯೂ ಟಿ-ಟೆಸ್ಟ್ ಮಾಡುವ ಮೊದಲು ಇದನ್ನು ಪರೀಕ್ಷಿಸಿರಿ. ಎಸ್‌ಪಿಎಸ್‌ಎಸ್‌ನ ‘ಎಕ್ಸ್‌ಪ್ಲೋರ್’ನಲ್ಲಿ 1965ರ ಶಪಿರೊ-ವಿಲ್ಕ್ ಪರೀಕ್ಷೆ ಸಿಗುತ್ತದೆ, ಕೊಳ್ಳಲಾಗದವರಿಗೆ ‘ಆರ್’ ಉಚಿತ. ಪಿ ಬೆಲೆ 0.05ಕ್ಕಿಂತ ಕಡಿಮೆ ಬಂದರೆ ನಾರ್ಮಲ್ ಅಲ್ಲವೆನ್ನುತ್ತೇವೆ. ಹೆಚ್ಚು ಬಂದರೆ ನಾರ್ಮಲ್ ಎಂದು ಸಿದ್ಧವಾಯಿತೇ? ಇಲ್ಲ. (ನಾನೂ ಒಮ್ಮೆ ಹಾಗೆ ಬರೆದು ಬೈಸಿಕೊಂಡವನೇ.) ಹತ್ತೇ ಅಂಕಿ ಕೊಟ್ಟರೆ ದೊಡ್ಡ ಓರೆಯೂ ತಪ್ಪಿಸಿಕೊಳ್ಳಬಹುದು, ಸಾವಿರಾರು ಕೊಟ್ಟರೆ ಕೂದಲೆಳೆಯ ಓರೆಗೂ ತಕರಾರು. ಅದಕ್ಕೇ ಹಿಸ್ಟೋಗ್ರಾಮ್ ತೆಗೆಯಿರಿ, ಕ್ಯೂ-ಕ್ಯೂ ಪ್ಲಾಟಿನ ಚುಕ್ಕೆಗಳು ಗೆರೆ ಬಿಟ್ಟು ಎಲ್ಲಿ ಬಾಗಿವೆ ಎಂದು ಕಣ್ಣಾರೆ ನೋಡಿರಿ.