ಸೆರೆಮನೆಯ ವೆಚ್ಚ



ವರ್ಷಕ್ಕೊಮ್ಮೆ ಸರಕಾರದ ಆಯವ್ಯಯವು ಪ್ರಕಟವಾದಾಗ ನಾವು ಮೊದಲು ನೋಡುವುದು ಹೊಸ ತೆರಿಗೆ ಯಾವುದೆಂದು. ಅನಂತರ ರಸ್ತೆ, ಶಾಲೆ, ನೀರು. ಸೆರೆಮನೆಯ ಬಾಬ್ತನ್ನು ಹುಡುಕಿ ಓದುವವರು ವಿರಳ. ಪೊಲೀಸು, ಸೆರೆಮನೆಗಳೆರಡೂ ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯಗಳಿಗೆ ಸೇರಿದ ವಿಷಯಗಳು. ಅವುಗಳ ವೆಚ್ಚವನ್ನು ಬಹುಮಟ್ಟಿಗೆ ರಾಜ್ಯದ ಬೊಕ್ಕಸವೇ ಹೊರಬೇಕು. ಆದರೆ ಯಾರನ್ನು ಎಷ್ಟು ಕಾಲ ಒಳಗಿರಿಸಬೇಕೆಂಬುದನ್ನು ಸೆರೆಮನೆಯ ಅಧಿಕಾರಿಯು ನಿಶ್ಚಯಿಸುವಂತಿಲ್ಲ. ಅದು ನ್ಯಾಯಾಲಯದ ಕೆಲಸ. ಉಣಬಡಿಸುವವನೊಬ್ಬ, ಅತಿಥಿಗಳನ್ನು ಕಳುಹಿಸುವವನು ಮತ್ತೊಬ್ಬ.

ಈ ಅತಿಥಿಗಳ ಲೆಕ್ಕವನ್ನು ಕೊಂಚ ಪರಿಶೀಲಿಸೋಣ. 2022ನೆಯ ಇಸವಿಯ ಕೊನೆಯ ದಿನ ಭಾರತದ ಸೆರೆಮನೆಗಳಲ್ಲಿ 4,36,266 ಮಂದಿಗೆ ಸ್ಥಳವಿದ್ದಿತು, ಇದ್ದವರು 5,73,220. ಇವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು, ಎಂದರೆ ಅಪರಾಧಿಗಳೆಂದು ಇನ್ನೂ ತೀರ್ಪಾಗದವರು. ಸ್ಥಳಕ್ಕೆ ಮೀರಿದವರು ಸುಮಾರು 1,37,000. ವಿಚಾರಣಾಧೀನರಲ್ಲಿ ಮೂವರಿಗೊಬ್ಬನನ್ನು ಬಿಡುಗಡೆ ಮಾಡಿದರೆ ಒಂದು ಇಟ್ಟಿಗೆಯನ್ನೂ ಇಡದೆಯೇ ಈ ನೂಕುನುಗ್ಗಲು ತೀರುತ್ತಿತ್ತು. ಹಾಗಿದ್ದರೂ ಇಕ್ಕಟ್ಟಾಯಿತೆಂದೊಡನೆ ನಮಗೆ ತೋಚುವುದು ಹೊಸ ಕಟ್ಟಡ.

ಬಂದಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಪೊಲೀಸರು ಬೇಕು. ಅವರು ಬಂದೋಬಸ್ತಿಗೆ ಬೇರೆ ಕಡೆ ಹೋಗಿದ್ದರೆ ಬಂದಿಯು ಹಾಜರಾಗುವುದಿಲ್ಲ. ಮೊಕದ್ದಮೆ ಮುಂದಕ್ಕೆ ಹೋಗುತ್ತದೆ. ಪೊಲೀಸು ಬಾಬ್ತಿನಲ್ಲಿ ಮಾಡಿದ ಮಿತವ್ಯಯವು ಹೀಗೆ ಸೆರೆಮನೆಯ ಬಾಬ್ತಿನಲ್ಲಿ ವೆಚ್ಚವಾಗಿ ಹುಟ್ಟುತ್ತದೆ. ದೂರದರ್ಶಕ ಯಂತ್ರಗಳ ಮೂಲಕ ಹಾಜರುಪಡಿಸುವ ಪದ್ಧತಿಯು ಈಗ ಬಂದಿದೆ, ನಿಜ. ಆದರೆ ವಕೀಲನೊಡನೆ ಕಿವಿಯಲ್ಲಿ ನಾಲ್ಕು ಮಾತನಾಡುವ ಅನುಕೂಲವು ಅದರಲ್ಲಿ ಎಷ್ಟುಮಟ್ಟಿಗೆ ದೊರೆತೀತು?

ಇನ್ನು ಜಾಮೀನು. 1978ರಲ್ಲಿ ಮೋತಿರಾಮ್ ಎಂಬ ಗಾರೆಯವನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ನ್ಯಾಯಾಲಯವೇ ಅವನಿಗೆ ಜಾಮೀನನ್ನು ದಯಪಾಲಿಸಿದ್ದಿತು. ಕೆಳಗಿನ ಮ್ಯಾಜಿಸ್ಟ್ರೇಟರಾದರೋ 10,000 ರೂಪಾಯಿಗೆ ಹೊಣೆಗಾರರನ್ನು ಕೇಳಿದರು. ಅಣ್ಣತಮ್ಮನೊಬ್ಬನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಗಾರೆಯವನು ಹತ್ತು ಸಾವಿರವನ್ನು ಎಲ್ಲಿಂದ ತಂದಾನು! ಮರುವರ್ಷವೇ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ, ತಮಗೆ ವಿಧಿಸಬಹುದಾದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಗಾಗಿ ಕಾದು ಕುಳಿತಿದ್ದ ಬಿಹಾರದ ಬಂದಿಗಳ ಕಥೆ ಹೊರಬಿದ್ದಿತು.

2023ರಲ್ಲಿ ಕೇಂದ್ರ ಸರಕಾರವು ಬಡ ಬಂದಿಗಳಿಗೆ ನೆರವಿನ ಯೋಜನೆಯೊಂದನ್ನು ಹೂಡಿತು: ಜಾಮೀನಿಗೆ 40,000 ರೂಪಾಯಿಯವರೆಗೆ, ದಂಡ ಕಟ್ಟಲಾರದವರಿಗೆ 25,000ದವರೆಗೆ. ಗೃಹ ಇಲಾಖೆಯ ವೆಚ್ಚಗಳಲ್ಲಿ ಇದಕ್ಕಿಂತ ಲಾಭದ್ದು ನನಗೆ ಕಾಣದು. ಜಾಮೀನಿಲ್ಲದೆ ವರ್ಷಗಟ್ಟಲೆ ಕುಳಿತವನಿಗೆ ಅನ್ನ, ಔಷಧ, ಕಾವಲುಗಳ ವೆಚ್ಚ ನಿಲ್ಲುವುದೇ ಇಲ್ಲವಷ್ಟೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ 479ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ. ಮರಣದಂಡನೆ, ಆಜೀವ ಶಿಕ್ಷೆಗಳಿಗೆ ಗುರಿಯಾಗದ ಅಪರಾಧವಾದಲ್ಲಿ, ಬೇರೆ ಮೊಕದ್ದಮೆಗಳಿಲ್ಲದ ಮೊದಲ ಸಲದ ಆರೋಪಿಯು ಪರಮಾವಧಿ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೆ ಕಳೆದನೆಂದರೆ, ಸೆರೆಮನೆಯ ಅಧಿಕಾರಿಯೇ ಅವನ ಪರವಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕತಕ್ಕದ್ದು. ಅಷ್ಟು ಮಂದಿಯ ದಿನಗಳನ್ನು ಎಣಿಸಿ ಅರ್ಜಿ ಬರೆಯುವ ಗುಮಾಸ್ತರಿಗೆಂದು ಎಷ್ಟು ಹಣವನ್ನು ಇಟ್ಟಿದ್ದಾರೆಂಬುದನ್ನು ಬರುವ ಆಯವ್ಯಯದಲ್ಲಿ ನೋಡಬೇಕಾಗಿದೆ.